ಎರಡು ಸೇರು ಕಡಲೆ

ಹುಮನಾಬಾದ್
9 ಅಕ್ಟೋಬರ್ 2023

ತಂಗಿ ಉಮಾಶ್ರೀ,

ಮುರಿದ ಕಾಲಿಗೆ ರಾಡು ಹಾಕಿದ ಮೇಲೆ ನೋವು ಸ್ವಲ್ಪ ಇಳಿದಿದೆ. ತಮ್ಮ ತಾಯಪ್ಪ ನಡುಮನೆಯಲ್ಲೇ ಮಂಚ ಹಾಕಿಕೊಟ್ಟಿದ್ದಾನೆ, ಅವನ ಹೆಂಡತಿ ಊಟ ಮಂಚಕ್ಕೇ ತಂದು ಕೊಡುತ್ತಾಳೆ. ಹೈದರಾಬಾದಿನ ನಮ್ಮ ಮನೆಯ ಏಣಿಯಂಥ ಮೆಟ್ಟಿಲು ಸಂಕ್ರಾಂತಿಯವರೆಗೂ ಹತ್ತಕೂಡದು ಎಂದು ಡಾಕ್ಟರು ಹೇಳಿದ್ದಕ್ಕೇ ಇಲ್ಲಿಗೆ ಬಂದೆ. ಇಲ್ಲವಾದರೆ ಕುದುರೆಯನ್ನು, ನನ್ನ ರೇವಡಿಯನ್ನು ಬಿಟ್ಟು ನಾನು ಒಂದು ದಿನವೂ ಇರುವವಳಲ್ಲ, ನಿನಗೆ ಗೊತ್ತು.

ಫೋನ್ ಮಾಡಬೇಡ. ಎದುರಿಗೆ ಕೂತು ಗಟ್ಟಿಯಾಗಿ ಹೇಳಿದರೆ ನನಗೆ ಅರ್ಧ ಕೇಳುತ್ತದೆ, ಫೋನಿನಲ್ಲಿ ಬರೀ ಜೀರುಂಡೆ ಕೂಗಿದ ಹಾಗೆ. ನಮ್ಮ ಚನ್ನು ಹೈದರಾಬಾದ್ ಬಸ್ಸಿಗೇ ಕಂಡಕ್ಟರ್ ಆಗಿದ್ದಾನಲ್ಲ, ಪತ್ರ ಬರೆದು ಇಮ್ಲಿಬನ್ ಬಸ್ ಸ್ಟ್ಯಾಂಡಿನಲ್ಲಿ ಅವನ ಕೈಗೆ ಕೊಡು.

ಮೇವಿನ ಸಂಗತಿ. ಕೊಟ್ಟಿಗೆಯ ಬಾಗಿಲ ಮೊಳೆಗೆ ನಮ್ಮ ಅತ್ತೆಯ ಕಾಲದ ಕಬ್ಬಿಣದ ಸೇರು ನೇತುಹಾಕಿದ್ದೇನೆ. ಬೆಳಿಗ್ಗೆ ಎರಡು ಸೇರು ಕುಟ್ಟಿದ ಜವೆಗೋಧಿ, ಒಂದು ಸೇರು ಬೂಸಾ. ಸಂಜೆಯೂ ಅಷ್ಟೇ. ನಡುವೆ ಒಣಹುಲ್ಲು, ಕುದುರೆಮಸಾಲೆ ಸೊಪ್ಪು. ಮಾಳೇಗಾಂವದ ಕುದುರೆ ಸಂತೆಯಿಂದ ಮರಿಯಾಗಿ ತಂದ ದಿನದಿಂದ ಅವಳು ಉಂಡದ್ದು ನನ್ನ ಕೈಯಿಂದಲೇ. ನಿನ್ನ ಭಾವ ಅವಳನ್ನು ಮದುವೆ ಮೆರವಣಿಗೆಗೆ ಹಿಡಿದು ನಡೆಸುತ್ತಾರೆ ನಿಜ, ಆದರೆ ಅವಳಿಗೆ ಏನು, ಎಷ್ಟು ಹಾಕಬೇಕೆಂದು ಅವರಿಗೆ ಇವತ್ತಿಗೂ ಗೊತ್ತಿಲ್ಲ. ನೀನು ಮೇವು ಹಾಕಿ ಬಂದುಬಿಡು. ಕೂತು ಮೈದಡವುವುದು, ಮಾತಾಡಿಸುವುದು ಏನೂ ಬೇಡ. ಹೊಸಬರು ಹಾಗೆ ಮಾಡಿದರೆ ಅವಳಿಗೆ ಸೇರುವುದಿಲ್ಲ.

ನಿನ್ನ ಅಕ್ಕ,
ಗುರುಬಾಯಿ


ಬೇಗಂ ಬಜಾರ್, ಹೈದರಾಬಾದ್
13 ಅಕ್ಟೋಬರ್ 2023

ಅಕ್ಕಾರಿಗೆ ಉಮಾ ಮಾಡುವ ನಮಸ್ಕಾರ.

ರೇವಡಿಯ ಚಿಂತೆ ಬಿಡಿ. ಚೆನ್ನಾಗಿ ತಿನ್ನುತ್ತಾಳೆ, ಮೊದಲ ದಿನದಿಂದಲೂ ಏನೂ ತಕರಾರು ಮಾಡಿಲ್ಲ. ನಾನು ಹೋದರೆ ಕಿವಿ ನಿಮಿರಿಸುತ್ತಾಳೆ.

ಒಂದು ಹೊಸ ಸಂಗತಿ. ಗೊರಸು ನೋಡಲು ಬಂದ ಕುದುರೆ ಡಾಕ್ಟರು, ಇವಳ ಮೈಗೆ ದಿನಕ್ಕೆ ಇಷ್ಟೇ ಕಿಲೋ ಕಾಳು ಎಂದು ಹೇಳಿ ಹೋದರು. ಸೇರಿನಲ್ಲಿ ಎಷ್ಟು ಎಂದು ಕೇಳಿದ್ದಕ್ಕೆ ನಕ್ಕು, "ನಿಮ್ಮ ಸೇರು ನನಗೆ ಗೊತ್ತಿಲ್ಲಮ್ಮ" ಎಂದರು. ಮದುವೆಗೆ ಮುಂಚೆ ನಾನು ಕಲಬುರಗಿಯ ಬೀಜದ ಅಂಗಡಿಯಲ್ಲಿ ತೂಗುತ್ತಿದ್ದವಳಲ್ಲವೇ, ಅದೇ ಹಳೇ ಚಟ. ಇಲ್ಲೇ ಬಜಾರಿನಲ್ಲಿ ಒಂದು ನೇತಾಡುವ ಕಾಂಟಾ ತಂದೆ. ತೂಗಿ ನೋಡಿದರೆ ಆಶ್ಚರ್ಯ ಅಕ್ಕಾರೆ! ಒಂದು ಸೇರು ಬೂಸಾ ಕಾಲು ಕಿಲೋ ಬಂದರೆ ಹೆಚ್ಚು. ಅದೇ ಸೇರಿನಲ್ಲಿ ಜವೆಗೋಧಿ ಅದರ ಎರಡರಷ್ಟು. ಕಾಳು ಸ್ವಲ್ಪ ನುಣ್ಣಗೆ ಕುಟ್ಟಿಸಿದರೆ ಮತ್ತೂ ಬೇರೆ. ಸೇರು ಒಂದೇ, ಒಳಗಿನ ಭಾರ ಮಾತ್ರ ದಿನಕ್ಕೊಂದು. ಅದಕ್ಕೇ ಈಗ ತೂಗಿಯೇ ಹಾಕುತ್ತಿದ್ದೇನೆ. ಭಾವನವರೂ ಒಳ್ಳೇದಾಯಿತು ಎಂದರು.

ನಿಮ್ಮ ಮೈದುನ ಅಮೀರ್‌ಪೇಟೆಯ ಹಾಸ್ಟೆಲ್ ಅಡಿಗೆ ಮುಗಿಸಿ ಬರುವುದು ತಡ. ಆದ್ದರಿಂದ ಸಂಜೆ ಹೊತ್ತು ನನಗೆ ರೇವಡಿಯೇ ಜೊತೆ.

ನಿಮ್ಮ,
ಉಮಾ


ಹುಮನಾಬಾದ್
17 ಅಕ್ಟೋಬರ್ 2023

ಉಮಾಶ್ರೀ,

ಪತ್ರ ಬಂತು. ಅದಕ್ಕೂ ಮೊದಲು ತಾಯಪ್ಪನ ಫೋನಿಗೆ ಫೋಟೋ ಬಂತು. ರೇವಡಿಯ ಗದ್ದ ನಿನ್ನ ಹೆಗಲ ಮೇಲಿದೆ. ಪಕ್ಕದಲ್ಲಿ ನಿನ್ನ ಭಾವ ನಗುತ್ತ ನಿಂತಿದ್ದಾರೆ. ನನ್ನನ್ನು ಬಸ್ಸಿನ ಹಿಂದಿನ ಸೀಟಿನಲ್ಲಿ ಮಲಗಿಸಿ ಕಳಿಸುವಾಗ ಅವರ ಮುಖ ಹೀಗಿರಲಿಲ್ಲ.

ತಾಯಪ್ಪನ ಹೆಂಡತಿ, "ಏನ್ ಚಂದ ಹೊಂದ್ಯಾಳ್ರಿ ಕುದರಿ ಆಕಿಗೆ" ಅಂದಳು. ಹೌದೆಂದೆ. ನನಗೇನೂ ಅನ್ನಿಸಲಿಲ್ಲ. ಕಾಲು ನೋಯುತ್ತಿತ್ತು, ಅದಕ್ಕೇ ಊಟ ಬೇಡವೆಂದೆ.

ಅವಳು ಗದ್ದ ಇಡುವುದು ಪ್ರೀತಿಯಿಂದ ಅಂತ ತಿಳಿಯಬೇಡ. ಹೆಗಲ ಮೇಲೆ ಬೆವರಿನ ಉಪ್ಪಿರುತ್ತದೆ, ಅದನ್ನು ನೆಕ್ಕುತ್ತಾಳೆ, ಅಷ್ಟೇ. ಯಾರ ಹೆಗಲಾದರೂ ಒಂದೇ.

ಇನ್ನು ಕಾಂಟಾ. ನಮ್ಮ ಅತ್ತೆ ಆ ಸೇರಿನಲ್ಲೇ ಮೂರು ಕುದುರೆ ಸಾಕಿದರು. ಒಂದೂ ಹೊಟ್ಟೆ ಹಿಡಿದುಕೊಂಡು ಮಲಗಲಿಲ್ಲ. ಕೈಯಲ್ಲಿ ಸೇರು ಹಿಡಿದರೆ ಒಳಗೆ ಏನಿದೆ, ಎಷ್ಟಿದೆ ಎಂದು ಮಣಿಕಟ್ಟಿಗೇ ತಿಳಿಯುತ್ತದೆ. ನಿನಗೆ ತಿಳಿಯದಿದ್ದರೆ ಅದು ಸೇರಿನ ತಪ್ಪಲ್ಲ.

ಗುರುಬಾಯಿ


ಬೇಗಂ ಬಜಾರ್
28 ಅಕ್ಟೋಬರ್ 2023

ಅಕ್ಕಾರೆ,

ದಸರೆಗೆ ಬನ್ನಿ ಕೊಡಲು ನೀವಿರಲಿಲ್ಲ. ಚನ್ನು ಅಣ್ಣನ ಕೈಯಲ್ಲಿ ಬನ್ನಿ ಎಲೆ ಕಳಿಸಿದ್ದೆ, ಮುಟ್ಟಿತೋ ಇಲ್ಲವೋ ನೀವು ಬರೆಯಲಿಲ್ಲ.

ರೇವಡಿಯ ಮೈ ಈಗ ನುಣುಪಾಗಿದೆ. ಪಕ್ಕೆಲುಬು ಕಾಣುತ್ತಿದ್ದದ್ದು ಮುಚ್ಚಿದೆ. ಮುಂದಿನ ತಿಂಗಳ ಬೇಗಂಪೇಟೆಯ ಮದುವೆಯವರು ಕುದುರೆ ನೋಡಲು ಬಂದು, "ಹೋದ ವರ್ಷದ್ದೇ ಕುದುರೆನಾ ಇದು?" ಎಂದು ಕೇಳಿದರು. ಭಾವನವರು, "ನಮ್ಮ ಉಮಾ ತೂಗಿ ಹಾಕತಾಳ್ರಿ" ಎಂದರು. ಹೇಳಬಾರದೇನೋ, ಆದರೆ ನನಗೆ ಖುಷಿಯಾಯಿತು. ಈ ಮನೆಗೆ ಬಂದಾಗಿನಿಂದ ಯಾರೇ ಬಂದರೂ ಕೇಳುವುದು "ಗುರುಬಾಯಿ ಎಲ್ಲಿ?" ಅಂತಲೇ. ನನ್ನ ಹೆಸರು ಹೇಳಿದ್ದು ಅದೇ ಮೊದಲು.

ಒಂದು ಮಾತು ಕೇಳಬೇಕಿತ್ತು. ಈ ಸಲದ ಜವೆಗೋಧಿಗೆ ಹುಳ ಬಿದ್ದಿದೆಯೆಂದು ಕಾಳಿನ ಅಂಗಡಿಯ ಸೇಟು ಕಡಲೆ ಕೊಟ್ಟಿದ್ದಾನೆ. ಜವೆಗೋಧಿ ಸಿಗದಿದ್ದಾಗ ನೀವು ನೆನೆಸಿದ ಕಡಲೆ ಹಾಕುತ್ತಿದ್ದುದು ನೆನಪಿದೆ, ಎಷ್ಟು ಎಂಬುದು ಗೊತ್ತಿಲ್ಲ. ನೀವು ಸೇರಿನಲ್ಲಿ ಅಳೆಯುವುದು ಒಣ ಕಡಲೆಯನ್ನೋ, ನೆನೆದದ್ದನ್ನೋ? ಒಂದು ಸೇರು ಒಣ ಕಡಲೆ ನೆನೆಸಿದರೆ ಎರಡು ಸೇರಿನ ಹತ್ತಿರ ಉಬ್ಬುತ್ತದೆ. ಎರಡಕ್ಕೂ ಭಾಳ ಫರಕು ಬೀಳುತ್ತದೆ ಅಕ್ಕಾರೆ, ದಯವಿಟ್ಟು ಬಿಡಿಸಿ ಬರೆಯಿರಿ. ಮದುವೆಗಳ ಲಗ್ನಸರಾಯಿ ಹತ್ತಿರ ಬಂತು, ಈಗ ಅವಳ ಹೊಟ್ಟೆ ಕೆಡಬಾರದು.

ನಿಮ್ಮ,
ಉಮಾ


ಹುಮನಾಬಾದ್
2 ನವೆಂಬರ್ 2023

ಉಮಾಶ್ರೀ,

ಎರಡು ಸೇರು ಕಡಲೆ. ಬೆಳಿಗ್ಗೆ ಎರಡು, ಸಂಜೆ ಎರಡು.

ಒಣದೋ ನೆನೆದದ್ದೋ ಎಂದು ಕೇಳಿದ್ದೀಯ. ನಿನ್ನ ಕಾಂಟಾಕ್ಕೇ ಕೇಳು, ಅದಕ್ಕೆ ಎಲ್ಲ ಗೊತ್ತಿರುತ್ತದಲ್ಲ.

ಇನ್ನು ಮುಂದೆ ನನ್ನ ಕೊಟ್ಟಿಗೆಯಲ್ಲಿ ತೂಗುವುದು ಬೇಡ. ನಾನು ಬರುವವರೆಗೂ ನನ್ನ ಸೇರೇ ನಡೆಯಬೇಕು. ಈ ಪತ್ರವನ್ನು ನಿನ್ನ ಭಾವನಿಗೂ ಓದಿ ಹೇಳು. ಅವರಿಗೆ ಕನ್ನಡ ಓದಲು ಬರದಿದ್ದರೂ ಹೇಳಿದ್ದು ಕೇಳುತ್ತದೆ. ಬನ್ನಿ ಮುಟ್ಟಿದೆ.

ಗುರುಬಾಯಿ


ಬೇಗಂ ಬಜಾರ್
5 ನವೆಂಬರ್ 2023

ಅಕ್ಕಾರೆ,

ನೀವು ಹೇಳಿದಂತೆಯೇ ಆಗಲಿ. ಕಾಂಟಾವನ್ನು ಕೊಟ್ಟಿಗೆಯಿಂದ ತೆಗೆದು ಮೇಲಿನ ಖೋಲಿಯಲ್ಲಿ ಇಟ್ಟಿದ್ದೇನೆ. ಪತ್ರವನ್ನು ಭಾವನವರಿಗೆ ಓದಿ ಹೇಳಿದೆ. ಅವರು ಏನೂ ಅನ್ನಲಿಲ್ಲ. ಹೊರಗೆ ಹೋಗಿ ರೇವಡಿಯ ಹತ್ತಿರ ನಿಂತರು.

ಉಮಾ


ಹುಮನಾಬಾದ್
10 ನವೆಂಬರ್ 2023

ತಂಗಿ ಉಮಾ,

ನಿನ್ನ ಪತ್ರ ಓದಿ ಮನಸ್ಸು ಹಗುರಾಯಿತು. ನೀನು ಹಟಮಾರಿಯಲ್ಲ, ನನಗೆ ಗೊತ್ತಿತ್ತು. ದೀಪಾವಳಿಗೆ ಕರ್ಚಿಕಾಯಿ ಕಳಿಸಿದ್ದೇನೆ, ತಾಯಪ್ಪನ ಹೆಂಡತಿ ಕರಿದಳು, ಮಂಚದ ಮೇಲೆ ಕೂತು ತುಂಬಿದವಳು ನಾನೇ. ಭಾವನಿಗೆ ಎರಡು ಹೆಚ್ಚು ಕೊಡು.

ಅವರು ಏನೂ ಅನ್ನಲಿಲ್ಲ ಎಂದು ಬರೆದಿದ್ದೀಯ. ಯಾಕೆ ಅನ್ನುತ್ತಾರೆ? ಈಗ ಅವರಿಗೆ ನೀನೇ ಸರಿ ಕಾಣುತ್ತೀಯ. ಇರಲಿ.

ಇನ್ನೊಂದು ಫೋಟೋ ಕಳಿಸು, ರೇವಡಿ ಒಬ್ಬಳದೇ. ಪಕ್ಕದಲ್ಲಿ ಯಾರೂ ಬೇಡ.

ಕಡಲೆಯ ವಿಷಯ ಒಂದು ಮಾತು ಬರೆಯಬೇಕೆಂದಿದ್ದೆ. ಚನ್ನುವಿನ ಬಸ್ಸಿನ ಹೊತ್ತಾಯಿತು. ನಿನಗೆ ತಿಳಿಯದೇ ಇರುತ್ತದೆಯೇ.

ನಿನ್ನ ಅಕ್ಕ,
ಗುರುಬಾಯಿ


ಬೇಗಂ ಬಜಾರ್
26 ನವೆಂಬರ್ 2023

ಅಕ್ಕಾರೆ,

ಇದನ್ನು ಕೂತು ಓದಿ. ಮೊದಲೇ ಹೇಳಿಬಿಡುತ್ತೇನೆ, ರೇವಡಿ ಬದುಕಿದ್ದಾಳೆ.

ಶುಕ್ರವಾರ ಬೇಗಂಪೇಟೆಯ ಮದುವೆ. ಮಧ್ಯಾಹ್ನ ಅವಳ ಬೆನ್ನಿಗೆ ಜರಿಯ ಜೂಲು ಹೊದಿಸಲೆಂದು ಹೋದೆ. ಮುಂಗಾಲಿನಿಂದ ನೆಲ ಕೆರೆಯುತ್ತಿದ್ದಳು. ತಿರುಗಿ ತಿರುಗಿ ತನ್ನ ಹೊಟ್ಟೆಯನ್ನೇ ನೋಡಿಕೊಳ್ಳುತ್ತಿದ್ದಳು. ನೋಡನೋಡುತ್ತ ಮಲಗಿದಳು, ಹೊರಳಾಡಿದಳು. ಮೈಯೆಲ್ಲ ಬೆವರು, ಕುತ್ತಿಗೆಯಿಂದ ನೀರು ಸುರಿದ ಹಾಗೆ. ನಾನು ಚೀರಿದ್ದಕ್ಕೆ ಭಾವನವರು ಓಡಿ ಬಂದರು. "ಏಳವ್ವಾ, ಏಳ, ಏಳ ನಮ್ಮವ್ವಾ" ಎಂದು ಹಗ್ಗ ಹಿಡಿದು ಜಗ್ಗಿದರು.

ಡಾಕ್ಟರು ಬಂದು ಸೂಜಿ ಹಾಕಿದರು, ಮೂಗಿನಿಂದ ನಳಿಕೆ ಇಳಿಸಿ ಎಣ್ಣೆ ಬಿಟ್ಟರು. ಕಾಳು ಹೆಚ್ಚಾಗಿ ಹೊಟ್ಟೆಶೂಲೆ ಎಂದರು. ಮಲಗಿ ಹೊರಳಿದರೆ ಕರುಳು ಸುತ್ತಿಕೊಳ್ಳುತ್ತದೆ, ನಡೆಸುತ್ತಲೇ ಇರಿ ಎಂದರು. ಗಲ್ಲಿಯ ಈ ತುದಿಯಿಂದ ಆ ತುದಿಗೆ ನಡೆಸಿದೆವು. ಭಾವನವರು ಸೋತಾಗ ನಾನು, ನಾನು ಸೋತಾಗ ನಿಮ್ಮ ಮೈದುನ. ಮೆಣಸಿನಕಾಯಿ ಅಂಗಡಿಯವರು ಗಾಡಿಗಳನ್ನು ಪಕ್ಕಕ್ಕೆ ಸರಿಸಿ ದಾರಿ ಬಿಟ್ಟರು. ಅವಳಿಗೆ ಏನು ಹೇಳಿ ಸಮಾಧಾನ ಮಾಡಬೇಕೋ ನನಗೆ ತಿಳಿಯಲಿಲ್ಲ. "ಗುರುಬಾಯಿ ಬರತಾಳ, ಗುರುಬಾಯಿ ಬರತಾಳ" ಎಂದೆ. ಅದಕ್ಕೆ ಕಿವಿ ಅಲ್ಲಾಡಿಸುತ್ತಿದ್ದಳು.

ಮದುಮಗ ಕಾರಿನಲ್ಲೇ ಮೆರವಣಿಗೆ ಹೋದ. ಅವರ ಕಡೆಯವರು ಬಾಗಿಲಿಗೆ ಬಂದು ಬಾಯಿಗೆ ಬಂದಂತೆ ಬೈದರು. ಭಾವನವರು ತಲೆ ಎತ್ತಲಿಲ್ಲ.

ಶನಿವಾರ ಲದ್ದಿ ಹಾಕಿದಳು. ಲದ್ದಿ ನೋಡಿ ಮೂವರೂ ಅತ್ತೆವು, ನಗುತ್ತಲೂ ಇದ್ದೆವು. ಈಗ ನೀರು ಕುಡಿಯುತ್ತಿದ್ದಾಳೆ. ಕಾಳು ಸದ್ಯಕ್ಕೆ ಇಲ್ಲ.

ಉಮಾ


ಬೇಗಂ ಬಜಾರ್
5 ಡಿಸೆಂಬರ್ 2023

ಅಕ್ಕಾರೆ,

ಚನ್ನು ಅಣ್ಣನನ್ನು ದಿನಾ ಕೇಳುತ್ತಿದ್ದೇನೆ. "ಪತ್ರ ಓದಿದಳವ್ವಾ, ಆಮ್ಯಾಲ ಗ್ವಾಡಿ ಕಡಿ ಮುಖ ಮಾಡಿ ಮಲಗಿದಳು" ಎಂದ. ಬೈಯುವುದಿದ್ದರೆ ಬೈದು ಬರೆಯಿರಿ. ಸುಮ್ಮನಿರಬೇಡಿ.

ಉಮಾ


ಹುಮನಾಬಾದ್
9 ಡಿಸೆಂಬರ್ 2023

ಉಮಾ,

ನಾನು ಕಡಲೆ ಅಳೆಯುವುದು ನೆನೆದ ಮೇಲೆ. ನೆನೆದು ಉಬ್ಬಿದ ಕಡಲೆ ಎರಡು ಸೇರು. ಒಣದನ್ನು ಎರಡು ಸೇರು ಅಳೆದು ನೆನೆಸಿ ಹಾಕಿದರೆ ಹತ್ತಿರ ಹತ್ತಿರ ಎರಡು ಪಟ್ಟಾಗುತ್ತದೆ. ನೀನು ಕೇಳಿದಾಗ ಇದು ನನಗೆ ಗೊತ್ತಿತ್ತು. ಬೇಕೆಂದೇ ಬರೆಯಲಿಲ್ಲ.

ಅವಳು ಸಾಯಲಿ ಎಂದಲ್ಲ. ಆಣೆ ಮಾಡಿ ಹೇಳುತ್ತೇನೆ, ಅದು ನನ್ನ ಮನಸ್ಸಿಗೆ ಬಂದಿರಲೇ ಇಲ್ಲ. ಒಂದೆರಡು ದಿನ ಅವಳ ಹೊಟ್ಟೆ ಉಬ್ಬಲಿ, ಮೇವು ಬಿಡಲಿ, ಆಗ ನಿನ್ನ ಭಾವ "ಗುರುಬಾಯಿ ಇದ್ದಿದ್ರ ಹಿಂಗ ಆಗತಿರಲಿಲ್ಲ" ಅನ್ನಲಿ. ಅಷ್ಟು ಒಂದು ಮಾತು ಕೇಳಬೇಕಿತ್ತು ನನಗೆ. ಇಲ್ಲಿ ಮಂಚದ ಮೇಲೆ ಬಿದ್ದುಕೊಂಡು ದಿನವೂ ಅದೇ ಮಾತನ್ನು ಅವರ ಬಾಯಲ್ಲಿ ಆಡಿಸಿ ಕೇಳುತ್ತಿದ್ದೆ. ಆ ಫೋಟೋ ನೋಡಿದಾಗಿನಿಂದ ನನ್ನ ಎದೆಯಲ್ಲಿ ಒಂದು ಕೆಂಡ ಕೂತಿತ್ತು. ನೀನು ಅವಳ ಹತ್ತಿರ ನಿಂತರೆ ಸಂಕಟ, ಅವಳು ಮೈ ತುಂಬಿಕೊಂಡಳೆಂದರೆ ಸಂಕಟ. ನನ್ನ ಕೈಯಲ್ಲಿದ್ದಾಗ ಅವಳ ಪಕ್ಕೆಲುಬು ಕಾಣುತ್ತಿದ್ದವು ಎಂದು ನೀನು ಬರೆದೆಯಲ್ಲ, ಅದೊಂದು ಸಾಲು ನನ್ನನ್ನು ಸುಟ್ಟುಹಾಕಿತು.

ನೀನು ನನ್ನ ಮಾತು ಕೇಳಿ ಎರಡು ಸೇರು ಒಣ ಕಡಲೆ ಹಾಕಿದೆ. ತಪ್ಪು ನಿನ್ನದಲ್ಲ. ಇದನ್ನೂ ಭಾವನಿಗೆ ಓದಿ ಹೇಳು. ಅವರಿಗೆ ತಿಳಿಯಲಿ.

ಗುರುಬಾಯಿ


ಬೇಗಂ ಬಜಾರ್
14 ಡಿಸೆಂಬರ್ 2023

ಅಕ್ಕಾರೆ,

ನಿಮ್ಮ ಪತ್ರವನ್ನು ಮೊದಲ ಸಲ ಓದಿದಾಗ ಹರಿದು ಹಾಕಬೇಕೆನ್ನಿಸಿತು. ಗಲ್ಲಿಯಲ್ಲಿ ನಡೆಸುವಾಗ ಅವಳು ನರಳಿದ್ದು ನಿಮಗೆ ಕೇಳಿಲ್ಲ. ನನಗೆ ಈಗಲೂ ಕೇಳುತ್ತದೆ. ನೀವು ದೊಡ್ಡವರು, ಆದರೂ ಬರೆಯುತ್ತೇನೆ: ನನ್ನ ಮೇಲಿನ ಸಿಟ್ಟನ್ನು ನನ್ನ ಮೇಲೇ ತೀರಿಸಿಕೊಳ್ಳಬೇಕಿತ್ತು.

ಆದರೆ ನಾನು ನಿಮ್ಮ ಮಾತು ಕೇಳಿರಲೇ ಇಲ್ಲ. ಕಾಂಟಾ ಮೇಲಿನ ಖೋಲಿಯಲ್ಲಿದೆ ಎಂದು ಬರೆದೆನಲ್ಲ, ಅಲ್ಲೇ ಬಾಗಿಲು ಹಾಕಿಕೊಂಡು ತೂಗಿ, ಬಕೆಟ್ಟಿನಲ್ಲಿ ಕೆಳಗೆ ತಂದು ಹಾಕುತ್ತಿದ್ದೆ. ಡಾಕ್ಟರು ಹೇಳಿದಷ್ಟೇ. ಒಂದು ಹಿಡಿ ಹೆಚ್ಚಿಲ್ಲ.

ಎರಡು ಸೇರು ಹಾಕಿದವರು ಭಾವನವರು. ಮದುವೆಯ ಹಿಂದಿನ ದಿನ ಏನೋ ಬೇಕೆಂದು ಮೇಲೆ ಬಂದವರು ನಾನು ತೂಗುತ್ತಿರುವುದನ್ನು ನೋಡಿದರು. ಹಾಗೇ ಇಳಿದು ಹೋದರು. ಅಂದೇ ಮೊಳೆಯ ಮೇಲಿನ ಸೇರು ತೆಗೆದುಕೊಂಡು ಎರಡು ಸೇರು ಒಣ ಕಡಲೆ ಅಳೆದು ನೆನೆಹಾಕಿದರಂತೆ. ಮರುದಿನ ಬೆಳಿಗ್ಗೆ ನನಗಿಂತ ಮುಂಚೆ ಎದ್ದು ಅಷ್ಟನ್ನೂ ಅವಳಿಗೆ ತಿನ್ನಿಸಿದರು. ಅದರ ಮೇಲೆ ನಾನು ನನ್ನ ಬಕೆಟ್ಟು ತಂದು ಸುರಿದೆ. ಅವರು ಅಲ್ಲೇ ಇದ್ದಿದ್ದರೆ ತಡೆಯುತ್ತಿದ್ದರೋ ಏನೋ, ಜೂಲಿನ ಜರಿ ಹೊಲಿಸಲು ಹೋಗಿದ್ದರು.

ಡಾಕ್ಟರು ಹೋದ ಮೇಲೆ ಭಾವನವರನ್ನು ನಾನೇ ಕೇಳಿದೆ. ಅವರು ಅಂದದ್ದನ್ನು ಹಾಗೇ ಬರೆಯುತ್ತೇನೆ:

"ಆಕಿ ಅಷ್ಟು ಬರದು ಕಳಿಸ್ಯಾಳ. ಕಾಲು ಮುರಕೊಂಡು ಬ್ಯಾರೆಯವರ ಮನ್ಯಾಗ ಬಿದ್ದಾಳ. ಆಕಿ ಮಾತು ಈ ಮನ್ಯಾಗ ಒಬ್ಬರರೆ ನಡಸಬ್ಯಾಡೇನು?"

ಅಕ್ಕಾರೆ, ಅವರಿಗೆ ನಾನು ಸರಿ ಕಾಣುತ್ತೇನೆ ಎಂದು ನೀವು ಬರೆದಿರಿ. ಅವರು ಮನೆಯಲ್ಲಿ ನಗುವುದೇ ಅಪರೂಪವಾಗಿದೆ. ಆ ಫೋಟೋ ತೆಗೆಯುವಾಗ ನಿಮ್ಮ ಮೈದುನ, "ಅಣ್ಣಾ, ವೈನಿ ನೋಡತಾಳ, ಸ್ವಲ್ಪ ನಗು" ಎಂದಿದ್ದ. ಅದಕ್ಕೇ ನಕ್ಕದ್ದು.

ನಾನೂ ಒಂದು ಮಾತು ಮುಚ್ಚಿಟ್ಟಿದ್ದೇನೆ. ನೀವು ಹೋದ ಮೊದಲ ದಿನಗಳಲ್ಲಿ ರೇವಡಿ ಸರಿಯಾಗಿ ಮೇವು ಮುಟ್ಟಲಿಲ್ಲ. ಬಾಗಿಲಲ್ಲಿ ಯಾರ ನೆರಳು ಬಿದ್ದರೂ ಎದ್ದು ನೋಡುವುದು, ನೀವಲ್ಲವೆಂದು ತಿಳಿದು ಮುಖ ತಿರುಗಿಸುವುದು. ಎಷ್ಟು ಕರೆದರೂ ನನ್ನ ಕಡೆ ಬರಲಿಲ್ಲ. ನಿಮಗೆ ಚೆನ್ನಾಗಿ ತಿನ್ನುತ್ತಾಳೆ ಎಂದು ಬರೆದೆ. ನಿಜ ಬರೆದರೆ ನೀವು ಗೆದ್ದ ಹಾಗಾಗುತ್ತದೆ ಎನ್ನಿಸಿತ್ತು. ಆ ಫೋಟೋ ಕಳಿಸಿದ್ದೂ ಬೇಕೆಂದೇ.

ನಿಮ್ಮ ಈ ಪತ್ರವನ್ನು ಭಾವನವರಿಗೆ ಓದಿ ಹೇಳಿಲ್ಲ. ಹೇಳುವುದೂ ಇಲ್ಲ. ನೀವು ಬಂದ ಮೇಲೆ ನಿಮ್ಮ ಬಾಯಿಂದಲೇ ಹೇಳಿ, ಇಲ್ಲವೇ ಬಿಡಿ. ಕಡಲೆ ಅಳೆದದ್ದು ತನ್ನ ತಪ್ಪು ಎಂದು ಅವರು ಕೊರಗುತ್ತಿದ್ದಾರೆ. ನನಗೆ ನೋಡಲಾಗುತ್ತಿಲ್ಲ.

ನಿಮ್ಮ,
ಉಮಾ


ಬೇಗಂ ಬಜಾರ್, ಹೈದರಾಬಾದ್
11 ಜೂನ್ 2024

ತಂಗಿ ಉಮಾ,

ಈ ಪತ್ರ ಅಂಚೆಯಲ್ಲಿ ಬರುತ್ತದೆ. ಚನ್ನುವಿನ ಬಸ್ಸು ಕಲಬುರಗಿಗೆ ಹೋಗುವುದಿಲ್ಲ. ತವರಿನಲ್ಲಿ ಚೆನ್ನಾಗಿ ಉಣ್ಣು, ಏಳು ತಿಂಗಳ ಬಸುರಿ ಎಂಬುದು ನೆನಪಿರಲಿ, ಬಿಸಿಲಿಗೆ ಹೊರಗೆ ಹೋಗಬೇಡ. ನಿನ್ನ ಗಂಡ ಹಾಸ್ಟೆಲಿನಿಂದ ದಿನಾ ಬೇರೆ ಬೇರೆ ಪಲ್ಯ ತರುತ್ತಾನೆ, ಒಂದಕ್ಕೂ ಉಪ್ಪಿರುವುದಿಲ್ಲ.

ಸಂಕ್ರಾಂತಿ ದಾಟಿ ನಾನು ಇಲ್ಲಿಗೆ ಬಂದ ಮೇಲೆ ನಾವಿಬ್ಬರೂ ಎದುರು ಬದುರು ಕೂತು ಆ ಮಾತು ಆಡಲೇ ಇಲ್ಲ. ನನ್ನ ಕಿವಿಗೆ ಕೇಳುವ ಹಾಗೆ ಹೇಳಿದರೆ ಗಲ್ಲಿಗೆಲ್ಲ ಕೇಳುತ್ತಿತ್ತು, ಅದೂ ಒಂದು ಕಾರಣ. ನಿನ್ನ ಭಾವನಿಗೆ ಮಾತ್ರ ಹೋದ ವಾರ ಹೇಳಿದೆ. ಹೇಳಿ ಮುಗಿಸುವವರೆಗೂ ಕುದುರೆಯ ಮೈ ತಿಕ್ಕುತ್ತಲೇ ಇದ್ದರು. ಆಮೇಲೆ ನನ್ನ ಹತ್ತಿರ ಬಂದು, ಕಿವಿಗೆ ಬಾಯಿಟ್ಟು, "ಇನ್ನ ಮ್ಯಾಲ ಏನ್ ಬೇಕೋ ನನಗ ಹೇಳು. ಬರದು ಕಳಿಸಬ್ಯಾಡ" ಎಂದರು. ಎರಡು ದಿನ ಕೊಟ್ಟಿಗೆಯಲ್ಲೇ ಉಂಡರು. ಈಗ ಒಳಗೆ ಬಂದು ಉಣ್ಣುತ್ತಿದ್ದಾರೆ.

ಕಾಂಟಾ ನನಗೆ ಇಂದಿಗೂ ಇಷ್ಟವಿಲ್ಲ. ಅದರ ಮುಳ್ಳು ನಿಲ್ಲುವವರೆಗೆ ಕಾಯುವುದೇ ಒಂದು ಬೇಸರ. ಆದರೂ ತೂಗಿಯೇ ಹಾಕುತ್ತೇನೆ. ಮೊನ್ನೆ ಸೇಟು ಹೊಸ ಜವೆಗೋಧಿ ಕೊಟ್ಟ, ದಪ್ಪ ಕಾಳು. ಮಣಿಕಟ್ಟು ಒಂದು ಹೇಳಿತು, ಕಾಂಟಾ ಇನ್ನೊಂದು ಹೇಳಿತು. ಕಾಂಟಾದ ಮಾತೇ ನಡೆಯಿತು.

ಮುಂದಿನದನ್ನು ಬರೆಯುವುದೋ ಬೇಡವೋ ಎಂದು ಬೆಳಿಗ್ಗೆಯಿಂದ ಕೂತಿದ್ದೇನೆ. ಮುಚ್ಚಿಡಬಹುದಿತ್ತು, ನಿನಗೆ ಯಾರೂ ಹೇಳುತ್ತಿರಲಿಲ್ಲ. ನೀನು ಹೋದಾಗಿನಿಂದ ರೇವಡಿ ಸಂಜೆ ಹೊತ್ತು ಮೇವು ಅರ್ಧಕ್ಕೇ ಬಿಡುತ್ತಾಳೆ. ನಾನು ಎದುರಿಗೇ ನಿಂತಿರುತ್ತೇನೆ, ಮರಿಯಿಂದ ಸಾಕಿದವಳು ನಾನು. ಆದರೂ ಮೆಟ್ಟಿಲ ಮೇಲೆ ಬಳೆ ಸಪ್ಪಳವಾದರೆ ಕಿವಿ ನಿಮಿರಿಸುತ್ತಾಳೆ. ಮೇಲಿನ ಮನೆಗೆ ಯಾರೋ ನೆಂಟರು ಬಂದಿರುತ್ತಾರೆ, ನೀನಲ್ಲ. ನನಗೆ ಹೊಟ್ಟೆಕಿಚ್ಚಾಗುತ್ತದೆ ಉಮಾ. ಆಗುವುದಿಲ್ಲ ಎಂದು ಬರೆದರೆ ಅದು ಮತ್ತೊಂದು ಸುಳ್ಳಾದೀತು.

ನಿನ್ನೆ ಬೆಲ್ಲದ ಚೂರು ಹಿಡಿದು ಕರೆದೆ. ಬಂದಳು. ನನ್ನ ಕೈ ಮೂಸಿದಳು, ಬೆಲ್ಲ ತಿಂದಳು, ಮತ್ತೆ ತಲೆ ಎತ್ತಿ ಬಾಗಿಲ ಕಡೆ ನೋಡಿದಳು. ಅವಳ ಪಕ್ಕದಲ್ಲಿ ನಿಂತು ನಾನೂ ನೋಡಿದೆ.

ನಿನ್ನ ಅಕ್ಕ,
ಗುರುಬಾಯಿ